ಹಿತ್ತಿಲ ಬಾಗಿಲಿನ ಅಕ್ಷರ

ಅಚ್ಚುಕೂಟ
ಮಾರ್ಚ್ ೧೮, ಸೋಮವಾರ ಬೆಳಗ್ಗೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಮೊಳೆ ಮಾಡುವ ನಮಸ್ಕಾರ. ನೀನು ಬರೆದ ಮೂರು ಕಾಗದಗಳೂ ಬಂದಿವೆ. ಮೂರನೆಯದರಲ್ಲಿ ‘ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ತಿಳಿಸು’ ಎಂದು ಗದರಿದ್ದೀಯ. ಬದುಕಿದ್ದೇನೆ. ಎಡಗೈ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ, ಬಲಗಣ್ಣಿಗೆ ಪೊರೆ ಬರುತ್ತಿದೆಯಂತೆ, ಬಾಯಿ ಮಾತ್ರ ಮೊದಲಿನಷ್ಟೇ ಗಟ್ಟಿಯಾಗಿದೆ. ತಡ ಮಾಡಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಹಾಡುಹಬ್ಬದ ಹಾಳೆ ಅಚ್ಚು ಹಾಕುವುದಿತ್ತು, ಪುರುಸೊತ್ತಾಗಲಿಲ್ಲ ಎಂದು ನೆಪ ಹೇಳಬಹುದಿತ್ತು. ಆದರೆ ಅದು ನಾಲ್ಕು ದಿನದ ಕೆಲಸ, ನೀನು ಉತ್ತರಕ್ಕೆ ಕಾಯುತ್ತಿರುವುದು ಎರಡು ತಿಂಗಳಿಂದ.

ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಮೊದಲನೆಯ ಕಾಗದದಲ್ಲಿ ನೀನು ಬರೆದಿದ್ದೆಯಲ್ಲ, ‘ನನಗೆ ಏಪ್ರಿಲ್‌ನಲ್ಲಿ ನಿವೃತ್ತಿ. ಎರಡು ಕೋಣೆಯ ಮನೆ ನೋಡಿದ್ದೇನೆ. ಅಚ್ಚುಕೂಟ ಮುಚ್ಚಿ ಬಂದುಬಿಡು, ಉಳಿದ ದಿನ ಇಬ್ಬರೂ ಒಟ್ಟಿಗೆ ಇರೋಣ. ಕಿಟಕಿ ಪಕ್ಕದ ಮಂಚ ನಿನಗೆ’ ಎಂದು. ಅದನ್ನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಕಾಗದ ಹರಿದಿದೆ. ಹೂಂ ಎಂದು ಬರೆಯಲು ಕೂತಾಗಲೆಲ್ಲ ಪೆನ್ನು ಅಲ್ಲೇ ನಿಲ್ಲುತ್ತಿತ್ತು. ಬರುವ ಮೊದಲು ನಿನಗೆ ಒಂದು ವಿಷಯ ಹೇಳಬೇಕು. ಹೇಳಿದ ಮೇಲೆ ಆ ಮಂಚ ನನಗೆ ಇರುತ್ತದೋ ಇಲ್ಲವೋ, ಆ ಹೆದರಿಕೆ. ಹೇಳದೆಯೇ ಬಂದುಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಈ ಶನಿವಾರ ಭಾನುವಾರ ನಡೆದದ್ದು ನಡೆಯಿತು.

ಲಕೋಟೆಯಲ್ಲಿ ಕಾಗದದ ಜೊತೆ ಇನ್ನೊಂದು ಸಣ್ಣ ವಸ್ತು ಇದೆ. ಒಡೆಯುವಾಗ ಕೆಳಗೆ ಬಿದ್ದು ಮಂಚದಡಿ ಸೇರೀತು, ಜೋಪಾನ. ಅದೇನೆಂದು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಹಬ್ಬದ ಸುದ್ದಿ. ಹತ್ತಕ್ಕೆ ಶುರುವಾಗಬೇಕಿದ್ದದ್ದು ಹನ್ನೊಂದೂಮುಕ್ಕಾಲಿಗೆ ಶುರುವಾಯಿತು. ಮೈಕು ಕೆಟ್ಟಿರಲಿಲ್ಲ, ನಮ್ಮ ಪೋಸ್ಟ್ ಮಾಸ್ಟರ್ ಅದನ್ನು ಪರೀಕ್ಷೆ ಮಾಡುತ್ತಿದ್ದರು. ನೌಕರಿಯಿಂದ ನಿವೃತ್ತರಾದರೂ ಹಬ್ಬದ ಕಾರ್ಯದರ್ಶಿ ಸ್ಥಾನದಿಂದ ಅವರನ್ನು ಇಳಿಸುವವರು ಇನ್ನೂ ಹುಟ್ಟಿಲ್ಲ. ಅದೇ ಗೋದಾಮಿನ ಅಂಗಳ, ಅದೇ ತಗಡಿನ ಮಾಡು, ಬಾಡಿಗೆಗೆ ತಂದ ಅವೇ ಕಬ್ಬಿಣದ ಕುರ್ಚಿಗಳು. ಇನ್ನೂರು ಜನ ಸೇರಿದ್ದರು. ದರ್ಜಿ ಈ ವರ್ಷವೂ ತನ್ನ ಹೊಲಿಗೆ ಯಂತ್ರದ ಮೇಲೆಯೇ ಪದ್ಯ ಬರೆದಿದ್ದಾನೆ. ಹೆಸರು ಹಾಕಬಾರದೆಂಬ ನಿಯಮ ಇರುವುದರಿಂದ ಅದು ಯಾರದೆಂದು ಯಾರಿಗೂ ಗೊತ್ತಿಲ್ಲ ಎಂದು ಅವನೊಬ್ಬನೇ ನಂಬಿದ್ದಾನೆ.

ಆ ನಿಯಮ ಈಗಲೂ ಹಾಗೇ ಇದೆ. ಬರೆದವರು ಹೆಸರಿಲ್ಲದೆ ಪದ್ಯವನ್ನು ಅಂಚೆ ಕಚೇರಿಯ ಡಬ್ಬಿಯಲ್ಲಿ ಹಾಕುವುದು, ನಾವು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕುವುದು, ಶನಿವಾರ ಬೆಳಗ್ಗೆ ಹಾಳೆ ಹಂಚುವುದು, ಹಾಡುಗಾರರು ಅದರಲ್ಲೊಂದನ್ನು ಆರಿಸಿ ರಾಗ ಹಾಕಿ ಭಾನುವಾರ ಮಧ್ಯಾಹ್ನ ಹಾಡುವುದು. ಪಟ್ಟಣದಲ್ಲಿ ಕಂಪ್ಯೂಟರಿನಲ್ಲಿ ಮಾಡಿಸಿದರೆ ಒಂದು ಗಂಟೆಯಲ್ಲಿ ಆಗುತ್ತದೆ. ಆದರೂ ‘ಸೀಸದ ಅಕ್ಷರಮೊಳೆ ಒತ್ತಿದ ಹಾಳೆಯೇ ಬೇಕು’ ಎಂದು ಇವರ ಹಟ. ಕಾಲಿನಿಂದ ತುಳಿಯುವ ನನ್ನ ಟ್ರೆಡಲ್ ಯಂತ್ರ ವರ್ಷಕ್ಕೆ ಒಂದು ಸಲ ಎಣ್ಣೆ ಕಾಣುವುದು ಇದಕ್ಕಾಗಿಯೇ.

ಈ ವರ್ಷ ಒಬ್ಬರು ಪ್ರೊಫೆಸರ್ ಬಂದಿದ್ದರು. ಯಾವುದರ ಮೇಲೆ ಭಾಷಣ ಮಾಡಿದರು ಗೊತ್ತೇ? ನಿನ್ನ ಹಾಡಿನ ಮೇಲೆ.

ಇಲ್ಲಿ ಸ್ವಲ್ಪ ಸಹಿಸಿಕೋ ಅಕ್ಕಾ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತೇನೆ. ಮೂವತ್ತನಾಲ್ಕು ವರ್ಷದಲ್ಲಿ ನಾವಿಬ್ಬರೂ ಇದರ ಮಾತೆತ್ತಿಲ್ಲ. ಒಂದು ಸಲ ಸಾಲಾಗಿ ಬರೆಯದಿದ್ದರೆ ಮುಂದಿನದನ್ನು ಬರೆಯಲು ನನಗೆ ಕೈ ಬರುವುದಿಲ್ಲ.

ಪಿಟೀಲಿನವರು ಹಬ್ಬಕ್ಕೆ ಹಾಡಲು ಬಂದಾಗಲೆಲ್ಲ ನಮ್ಮ ಹಿತ್ತಿಲಿನ ಕಾಗದದ ಕೋಣೆಯಲ್ಲಿ ಇಳಿದುಕೊಳ್ಳುತ್ತಿದ್ದರು. ನೀರಿಗೆಂದು ಹಿತ್ತಿಲ ಬಾಗಿಲು ತಟ್ಟುತ್ತಿದ್ದರು. ಅಷ್ಟೊಂದು ನೀರು ಕುಡಿಯುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಒಂದು ವರ್ಷ ಹೊರಡುವಾಗ ನಿನ್ನನ್ನು ಕೇಳಿದರು, ‘ನನ್ನ ಜೊತೆ ಬಾಳ್ತೀಯಾ? ಈಗಲೇ ಹೇಳಬೇಡ, ವರ್ಷಪೂರ್ತಿ ಯೋಚನೆ ಮಾಡು. ಉತ್ತರ ಹಾಳೆಯಲ್ಲಿ ಬರಲಿ. ಹಿತ್ತಿಲ ಬಾಗಿಲು ಅಂತ ಎಲ್ಲಾದರೂ ಇದ್ದರೆ ಅದು ನಿನ್ನದು ಅಂತ ತಿಳ್ಕೊಳ್ತೀನಿ. ಬಾ ಅಂದರೆ ಭಾನುವಾರ ಹಾಡು ಮುಗಿದ ಮೇಲೆ ಅದೇ ಬಾಗಿಲಿಗೆ ಬಂದು ನಿಮ್ಮಪ್ಪನ ಹತ್ತಿರ ಮಾತಾಡ್ತೀನಿ.’ ಇದನ್ನೆಲ್ಲ ನೀನು ನನ್ನ ತಲೆ ಬಾಚುತ್ತಾ ಹೇಳಿದ್ದೆ. ನನಗಲ್ಲದೆ ಇನ್ಯಾರಿಗೂ ಹೇಳಿರಲಿಲ್ಲ.

ಮರುವರ್ಷ ನೀನು ನಾಲ್ಕು ಸಾಲು ಬರೆದು ಡಬ್ಬಿಗೆ ಹಾಕಿದೆ.

ಹಾಡಿ ಹೋಗುವ ಹಾದಿಯವನೇ,
ಹಿತ್ತಿಲ ಬಾಗಿಲು ಕಾದಿದೆ;
ಹೇಳಬೇಕಾದ್ದು ಬಾಗಿಲೇ ಹೇಳಿತು,
ನಾನಿನ್ನು ಸುಮ್ಮನಿರುವೆ.

ಮೊಳೆ ಜೋಡಿಸಿದವಳು ನಾನು. ಯಾವಾಗಲೂ ಪ್ರೂಫ್ ನೋಡುತ್ತಿದ್ದವಳು ನೀನು. ಆ ವರ್ಷ ಮಾತ್ರ ನಾನು ‘ಹೊತ್ತಾಗಿದೆ, ನೇರ ಯಂತ್ರಕ್ಕೆ ಏರಿಸ್ತೀನಿ’ ಎಂದೆ. ಹಾಳೆಯಲ್ಲಿ ‘ಹಿತ್ತಿಲ ಬಾಗಿಲು ಕಾಡಿದೆ’ ಎಂದು ಬಂತು. ದಿ ಇರಬೇಕಾದಲ್ಲಿ ಡಿ. ಮೊಳೆ ಇಡುವ ನಮ್ಮ ಕೇಸಿನಲ್ಲಿ ಅವೆರಡರ ಮನೆಗಳೂ ಒಂದರ ಕೆಳಗೊಂದು, ಕಣ್ಣಿಗೂ ಅವು ಅಕ್ಕತಂಗಿಯರೇ. ಒಂದು ಅಕ್ಷರ ಬದಲಾದರೆ ಉಳಿದ ಸಾಲುಗಳೆಲ್ಲ ಮುಖ ತಿರುಗಿಸಿ ನಿಲ್ಲುತ್ತವೆ ಎಂದು ಯಾರಿಗೆ ಗೊತ್ತಿತ್ತು. ಬಾ ಎಂದು ಕರೆದ ಪದ್ಯವೇ, ಬಾಗಿಲು ತಟ್ಟುವ ನಿನ್ನ ಕಾಟ ಸಾಕಾಗಿದೆ, ಇನ್ನು ನನ್ನ ಕಡೆಯಿಂದ ಮಾತಿಲ್ಲ ಎಂದು ಹೇಳಿತು.

ಉತ್ತರ ಬರುವವರೆಗೆ ನಮ್ಮಲ್ಲಿ ಇಳಿಯಬಾರದೆಂದು ಆ ವರ್ಷ ಗೋದಾಮಿನಲ್ಲೇ ಉಳಿದಿದ್ದ ಅವರು ಅದಕ್ಕೇ ರಾಗ ಹಾಕಿದರು. ಭಾನುವಾರ ಹಾಡಿದರು. ಜನ ಕಣ್ಣೊರೆಸಿಕೊಂಡರು. ಎರಡು ದಿನವೂ ಹಬ್ಬದ ಕಡೆ ಸುಳಿಯದ ನೀನು, ಹಾಳೆಯನ್ನೂ ನೋಡದೆ, ಅತ್ತ ಹಿತ್ತಿಲ ಬಾಗಿಲು ತೆರೆದಿಟ್ಟು, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕೂತಿದ್ದೆ. ಅವರು ಹಾಡು ಮುಗಿಸಿ ಪಿಟೀಲು ಪೆಟ್ಟಿಗೆಗೆ ಹಾಕಿ ನಾಲ್ಕೂವರೆಯ ಬಸ್ಸು ಹತ್ತಿದರು. ಸಂಜೆ ನಾನು ಉಳಿದ ಹಾಳೆಗಳನ್ನು ಮನೆಗೆ ತಂದಾಗ ನೀನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ನಿನ್ನ ಬೆರಳು ಎರಡನೆಯ ಸಾಲಿನ ಮೇಲೆ ನಿಂತುಬಿಟ್ಟಿತು. ‘ಇದೇನೇ ಇದು?’ ಎಂದು ನೀನು ಕೇಳಿದೆ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಆಗ ನೀನೇ ನನ್ನ ಕಣ್ಣೊರೆಸಿ, ‘ಅಳಬೇಡ ಮೊಳೆ. ಕೈ ತಾನೇ, ತಪ್ಪುತ್ತೆ. ಒಂದು ಅಕ್ಷರಕ್ಕೆ ಹೆದರಿ ಬಾಗಿಲವರೆಗೂ ಬಾರದವರು ಬರದಿದ್ದರೇ ಒಳ್ಳೆಯದು’ ಎಂದೆ. ನನಗೆ ಊಟ ಬಡಿಸಿ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದೆ. ಮುಂದಿನ ವರ್ಷ ಅವರು ಬರುತ್ತಾರೇನೋ ಎಂದು ನೀನು ನೋಡಿದ್ದು ನನಗೆ ಗೊತ್ತು. ಬರಲಿಲ್ಲ. ಅದಾದ ಮೇಲೆ ನೀನು ಆಸ್ಪತ್ರೆಯ ಕೆಲಸ ಹಿಡಿದು ಹೊರಟೆ. ಒಂದು ಹಬ್ಬಕ್ಕೂ ತಿರುಗಿ ಬರಲಿಲ್ಲ.

ಹಾಡು ಮಾತ್ರ ಇಲ್ಲೇ ಉಳಿಯಿತು. ಪ್ರತಿ ವರ್ಷ ಹಬ್ಬ ಮುಗಿಯುವುದು ಅದರಿಂದಲೇ. ಯಾರದೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಜನಪದ. ಪ್ರೊಫೆಸರ್ ಅದನ್ನು ಕಪ್ಪು ಹಲಗೆಯ ಮೇಲೆ ಬರೆದು ಅರ್ಧ ಗಂಟೆ ಮಾತಾಡಿದರು. ‘ಸಾಧಾರಣ ಕವಿ ಆಗಿದ್ದರೆ ಬಾಗಿಲು ಕಾದಿದೆ ಅಂತ ಬರೆದುಬಿಡ್ತಿದ್ದ. ಕಾಯೋ ಬಾಗಿಲು ಎಲ್ಲರಿಗೂ ಗೊತ್ತು. ಈ ಅಜ್ಞಾತ ಕವಿ ಕಾಡಿದೆ ಅಂದ. ಒಂದೇ ಅಕ್ಷರ ನೋಡಿ. ಜನಪದರ ಪ್ರತಿಭೆ ಇರೋದೇ ಅಲ್ಲಿ’ ಎಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ಕೂತ ದರ್ಜಿ, ‘ಎಂಥಾ ತಲೆ ಅಲ್ವಾ ಅವನದು’ ಎಂದ. ನಾನು ಹೂಂ ಎಂದೆ. ಮೂರನೆಯ ಸಾಲಿನ ಕುರ್ಚಿಯಲ್ಲಿ ಕೋಲು ಹಿಡಿದ ಒಬ್ಬ ಮುದುಕರು ಮಾತ್ರ ಚಪ್ಪಾಳೆ ತಟ್ಟದೆ ತಲೆ ತಗ್ಗಿಸಿ ಕೂತಿದ್ದರು. ನಾನು ಗುರುತು ಹಿಡಿಯಲಿಲ್ಲ.

ಭಾನುವಾರ ಬೆಳಗ್ಗೆ ನಾನು ಅಚ್ಚುಕೂಟದಲ್ಲಿ ಮೊಳೆಗಳನ್ನು ತಿರುಗಿ ಅವುಗಳ ಮನೆಗೆ ಹಾಕುತ್ತಿದ್ದೆ. ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಹಿಂದಿನ ದಿನ ಕಂಡ ಆ ಮುದುಕರು.

“ಮುಂದಿನ ಬಾಗಿಲಿಗೆ ಬೀಗ ಇತ್ತು, ಅದಕ್ಕೆ ಈ ಕಡೆ ಬಂದೆ” ಎಂದರು. “ಅಚ್ಚುಕೂಟದ ತಂಗಿ ಅಲ್ವಾ ನೀವು?”

ದನಿಯಿಂದ ತಿಳಿಯಿತು, ಪಿಟೀಲಿನವರು. ಮುಖ ಪೂರ್ತಿ ಬದಲಾಗಿದೆ ಅಕ್ಕಾ. ಬೆರಳುಗಳು ಗಂಟು ಗಂಟಾಗಿವೆ, ಪಿಟೀಲು ಹಿಡಿಯುವುದು ಬಿಟ್ಟು ಆರು ವರ್ಷವಾಯಿತಂತೆ. ಕೂರಿಸಿ ಚಹಾ ಕೊಟ್ಟೆ. ಲೋಟದ ಬಿಸಿಗೆ ಎರಡೂ ಕೈ ಒಡ್ಡಿ ಹಿಡಿದುಕೊಂಡರು.

“ಅಕ್ಕ ಹೇಗಿದ್ದಾರೆ?”

“ಚೆನ್ನಾಗಿದ್ದಾಳೆ. ನರ್ಸುಗಳಿಗೆ ಪಾಠ ಹೇಳ್ತಾಳೆ. ಬರೋ ತಿಂಗಳು ನಿವೃತ್ತಿ.”

“ಮದುವೆ?”

“ಆಗಲಿಲ್ಲ.”

“ನಾನು ಆದೆ, ಎಂಟು ವರ್ಷ ಬಿಟ್ಟು. ಒಳ್ಳೇ ಹೆಂಗಸು. ಈಗ ಹಾಸಿಗೆ ಹಿಡಿದಿದ್ದಾಳೆ. ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದೀನಿ, ಇವತ್ತೇ ಹೊರಡಬೇಕು” ಎಂದರು. ಆಮೇಲೆ ಲೋಟ ಕೆಳಗಿಟ್ಟು ಹೇಳಿದರು, “ಒಂದೇ ಒಂದು ಮಾತು ಕೇಳೋಕೆ ಬಂದೆ ತಂಗಿ. ಅವರನ್ನ ನಾನು ಏನು ಮಾಡಿ ಕಾಡಿದೆ? ಎಲ್ಲಾ ನೆನಪು ಮಾಡ್ಕೊಂಡೆ. ನೀರು ಕೇಳ್ತಿದ್ದೆ. ಒಂದು ಸಲ ಸೂಜಿ ದಾರ ಕೇಳಿದ್ದೆ. ಅವರು ಅಡುಗೆ ಮಾಡ್ತಿರುವಾಗ ಹಾಡು ಕೇಳಿಸಿದ್ದೆ. ಯಾವುದು ಅವರಿಗೆ ಅಷ್ಟು ಬೇಜಾರಾಯ್ತು ಅಂತ ಇವತ್ತಿಗೂ ಹೊಳೆದಿಲ್ಲ. ಹೇಳಿದರೆ ಕ್ಷಮೆ ಕೇಳಿ ಹೋಗ್ತೀನಿ.”

ಮೂವತ್ತನಾಲ್ಕು ವರ್ಷ ಆ ಮನುಷ್ಯ ತನ್ನ ತಪ್ಪೇನೆಂದು ಹುಡುಕಿಕೊಂಡು ಬದುಕಿದ್ದಾರೆ. ನೀನು ಅವರನ್ನು ಪುಕ್ಕಲನೆಂದುಕೊಂಡೆ. ಅವರು ತಮ್ಮನ್ನೇ ಕೆಟ್ಟವನೆಂದುಕೊಂಡರು. ನಿಂತಲ್ಲೇ ಕೇಸಿನ ಅಂಚು ಹಿಡಿದುಕೊಂಡೆ.

ಹೇಳಿದೆ. ಅಕ್ಕ ಬರೆದದ್ದು ಕಾದಿದೆ ಎಂದು, ಅಚ್ಚಿನಲ್ಲಿ ಕಾಡಿದೆ ಎಂದು ಬಂತು, ಅವಳು ಆ ಸಂಜೆ ಬಾಗಿಲು ತೆರೆದಿಟ್ಟು ಕೂತಿದ್ದಳು, ನನ್ನ ಕೈ ತಪ್ಪಿತು ಎಂದು. ಅವರಿಗೆ ಒಂದೇ ಸಲಕ್ಕೆ ಅರ್ಥವಾಗಲಿಲ್ಲ. “ಯಾವುದು, ತೋರಿಸಿ” ಎಂದರು. ದಿ ಒಂದು, ಡಿ ಒಂದು, ಎರಡು ಮೊಳೆ ತೆಗೆದು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಒಂದನ್ನು ಸವರಿದರು, ಇನ್ನೊಂದನ್ನು ಸವರಿದರು.

“ಎರಡೂ ಒಂದೇ ಥರ ಇವೆಯಲ್ಲ ತಂಗಿ.”

ನಾನು ಅಳಲು ಶುರುಮಾಡಿದೆ. ಅವರು ಎದ್ದು ಬಂದು, ಆ ಗಂಟುಗಟ್ಟಿದ ಕೈಯನ್ನು ನನ್ನ ತಲೆಯ ಮೇಲಿಟ್ಟು ಏನೆಂದರು ಗೊತ್ತೇ? “ಅಳಬೇಡಿ. ಕೈ ತಾನೇ, ತಪ್ಪುತ್ತೆ.” ನಿನ್ನ ಮಾತೇ. ಅಕ್ಷರ ಅಕ್ಷರ ಅದೇ ಮಾತು. ನೀವಿಬ್ಬರೂ ಒಂದು ಮನೆಯಲ್ಲಿ ಬಾಳಬೇಕಾದವರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮಧ್ಯಾಹ್ನದ ಹಾಡಿನ ಸರದಿಯಲ್ಲಿ, ಆ ಹಾಡಿಗೆ ಮೊದಲು ರಾಗ ಹಾಕಿದವರು ಇವರೇ ಎಂದು ಪೋಸ್ಟ್ ಮಾಸ್ಟರಿಗೆ ಹೇಗೋ ತಿಳಿದು, ಬಲವಂತ ಮಾಡಿ ವೇದಿಕೆಗೆ ಹತ್ತಿಸಿದರು. ಪಿಟೀಲಿಲ್ಲ, ಬರೀ ದನಿ. ಮೊದಲ ಸಾಲು ಹೇಳಿದರು. ಎರಡನೆಯ ಸಾಲಿಗೆ ಬಂದು, ನಿಧಾನವಾಗಿ, ‘ಹಿತ್ತಿಲ ಬಾಗಿಲು ಕಾದಿದೆ’ ಎಂದು ಹಾಡಿದರು. ಹಾಗೆ ಅವರು ಹಾಡಿದ್ದು ಜೀವನದಲ್ಲಿ ಅದೇ ಮೊದಲು. ಮುಂದಿನ ಕುರ್ಚಿಗಳಲ್ಲಿ ಕೂತವರು ತಿದ್ದಿದರು, “ಕಾಡಿದೆ.” ಅವರು ಮತ್ತೆ ಅದೇ ಸಾಲು ಹಿಡಿದರು, ‘ಕಾದಿದೆ.’ ಈಗ ಹತ್ತಾರು ಜನ ಒಟ್ಟಿಗೆ, “ಕಾಡಿದೆ, ಕಾಡಿದೆ.” ಪ್ರೊಫೆಸರ್ ಕರುಣೆಯಿಂದ ತಲೆಯಾಡಿಸಿದರು. ಪೋಸ್ಟ್ ಮಾಸ್ಟರ್ ಮೈಕಿಗೆ ಬಾಗಿ, “ಹಿರಿಯರು, ವಯಸ್ಸಾಗಿದೆ, ಪದ ಮರೆತುಹೋಗಿದೆ. ನಾವೆಲ್ಲ ಜೊತೆಗೂಡೋಣ” ಎಂದರು. ಇನ್ನೂರು ಜನ ದನಿ ಎತ್ತಿದರು. ಅವರು ಬಾಯಿ ಮುಚ್ಚಿ, ಕೋಲಿನ ಮೇಲೆ ಭಾರ ಹಾಕಿ, ಜನ ಹಾಡಿ ಮುಗಿಸುವವರೆಗೂ ನಿಂತಿದ್ದರು.

ನಾನು ಎದ್ದು ನಿಂತು ಹೇಳಬಹುದಿತ್ತು. ಅವರು ಹಾಡಿದ್ದೇ ಸರಿ, ನಮ್ಮಕ್ಕ ಬರೆದದ್ದು, ನಾನು ಅಚ್ಚು ಹಾಕಿದ್ದು ಎಂದು. ಬಾಯಿ ಗಟ್ಟಿಯಾಗಿದೆ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು.

ಬಸ್ಸಿನವರೆಗೂ ಹೋದೆ. ಅದೇ ನಾಲ್ಕೂವರೆಯ ಬಸ್ಸು. ಹತ್ತುವಾಗ ತಿರುಗಿ, “ಅಕ್ಕನಿಗೆ ಹೇಳಿ, ಕಾದಿತ್ತು ಅಂತ ಗೊತ್ತಿದ್ದರೆ ಓಡಿ ಬರ್ತಿದ್ದೆ ಅಂತ” ಎಂದರು. ಮೆಟ್ಟಿಲ ಮೇಲೆ ನಿಂತು ಯೋಚಿಸಿ, “ಬೇಡ. ಸುಮ್ಮನೆ ಮನಸ್ಸು ಕಲಕಿದ ಹಾಗಾಗುತ್ತೆ. ಚೆನ್ನಾಗಿದ್ದಾನೆ ಅಂತ ಹೇಳಿ, ಸಾಕು” ಎಂದರು. ನಾನು ಎರಡನ್ನೂ ಬರೆದಿದ್ದೇನೆ. ನಿನ್ನ ಪಾಲಿನದನ್ನು ಇನ್ನು ನಾನು ಹಿಡಿದಿಟ್ಟುಕೊಳ್ಳುವುದಿಲ್ಲ.

ನಿನ್ನ ಮೊಣಕಾಲಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ. ಬೇರೆಯವರಿಗೆ ಉಪದೇಶ ಮಾಡುವ ನರ್ಸಮ್ಮ ತಾನು ಮಾತ್ರ ಮಾತ್ರೆ ಮರೆಯುವುದು ನನಗೆ ಗೊತ್ತು. ನಿನ್ನ ಕೈಯಲ್ಲಿ ಕಲಿಯುವ ಹುಡುಗಿಯರಿಗೆಲ್ಲ ಒಳ್ಳೆಯದಾಗಲಿ, ಅವರ ಕೈಗುಣ ನಿನ್ನದರಂತೆ ಆಗಲಿ. ನೀನು ನೂರು ವರ್ಷ ಬಾಳು. ಪ್ರತಿ ಸಲ ಕಾಗದದ ಕೊನೆಗೆ ನಿನ್ನ ಆಶೀರ್ವಾದ ಕೇಳುತ್ತಿದ್ದೆ. ಈ ಸಲ ಕೇಳುವುದಿಲ್ಲ. ಕೆಳಗಿನದನ್ನು ಓದಿದ ಮೇಲೆ ಕೊಡಬೇಕೆನಿಸಿದರೆ ಕೊಡು.

ಇಂತಿ ನಿನ್ನ ತಂಗಿ,
ಮೊಳೆ

ತಾ.ಕ.: ಅಕ್ಕಾ, ಕೈ ತಪ್ಪಿರಲಿಲ್ಲ.

ಮೊದಲು ನಾನು ಸರಿಯಾಗಿಯೇ ಜೋಡಿಸಿದ್ದೆ. ಕಾ, ದಿ, ದೆ. ಮೊಳೆಯ ಸಾಲನ್ನು ತಲೆಕೆಳಗಾಗಿ ಓದುವುದು ನನಗೆ ನೀನೇ ಕಲಿಸಿದ್ದು. ಹಾಗೆ ಓದಿದಾಗ ನೀನು ನಿಜವಾಗಿಯೂ ಹೋಗಿಬಿಡುತ್ತೀಯ ಎಂದು ತಿಳಿಯಿತು. ಅಮ್ಮ ಹೋದಾಗ ನನಗೆ ಆರು ವರ್ಷ, ನಿನಗೆ ಹದಿನಾಲ್ಕು. ಅಪ್ಪ ಇದ್ದರೂ, ಅಂದಿನಿಂದ ನನಗೆ ಇದ್ದವಳು ನೀನೊಬ್ಬಳೇ. ಆ ಬೆಳಗ್ಗೆಯೂ ನೀನೇ ನನ್ನ ಜಡೆ ಹೆಣೆದಿದ್ದೆ, ನನಗಾಗ ಇಪ್ಪತ್ತೊಂದಾಗಿದ್ದರೂ. ಚಿಮಟದಿಂದ ದಿಯನ್ನು ಎತ್ತಿ ತೆಗೆದೆ, ಡಿಯನ್ನು ಇಟ್ಟೆ. ಪ್ರೂಫಿಗೆ ಹೊತ್ತಿಲ್ಲ ಎಂದೆನಲ್ಲ, ಅರ್ಧ ದಿನ ಹೊತ್ತಿತ್ತು. ಆ ಸಂಜೆ ಅತ್ತದ್ದು ಭಯಕ್ಕೆ, ನೀನು ಕಣ್ಣೊರೆಸಿದ ಮೇಲೆ ಅತ್ತದ್ದು ಬೇರೆಯದಕ್ಕೆ. ನಿನ್ನನ್ನು ಉಳಿಸಿಕೊಳ್ಳಲು ಮಾಡಿದೆ. ಎರಡು ವರ್ಷಕ್ಕೆ ನೀನು ಹೊರಟೇ ಹೋದೆ.

ತೆಗೆದ ಮೊಳೆಯನ್ನು ಅದರ ಮನೆಗೆ ತಿರುಗಿ ಹಾಕಲು ಆಗಲಿಲ್ಲ. ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ, ಆಮೇಲೆ ಸೂಜಿ ಡಬ್ಬಿಗೆ. ಲಕೋಟೆಯಲ್ಲಿರುವುದು ಅದೇ ದಿ. ಅದು ನಿನ್ನದು.

ಕಿಟಕಿ ಪಕ್ಕದ ಮಂಚ ಬೇಡವೆನ್ನುವುದಾದರೆ ಒಂದು ಸಾಲು ಬರಿ, ಒಪ್ಪಿಕೊಳ್ಳುತ್ತೇನೆ. ಬಾ ಎನ್ನುವುದಾದರೂ ಬರಿ. ಏನಾದರೂ ಬರಿ ಅಕ್ಕಾ, ಆದರೆ ಈ ಸಲ ‘ಕೈ ತಾನೇ’ ಎಂದು ಮಾತ್ರ ಬರೆಯಬೇಡ.